ನೂರಕ್ಕೆ ಎಷ್ಟು ಎಮ್ಮೆಗೆ ಕಂದು ರೋಗ?

ಪ್ರಶ್ನೆ: ಮುಂಬೈಯ ಗೋರೆಗಾಂವ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಇಪ್ಪತ್ತೆರಡು ವರ್ಷಗಳಿಂದ ಒಂದೇ ತಬೇಲಾದಿಂದ ಎಮ್ಮೆ ಹಾಲು ತರಿಸುತ್ತಿದ್ದೇವೆ. ಈ ಮಳೆಗಾಲದಲ್ಲಿ ಅಲ್ಲಿ ಮೂರು ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಅವುಗಳ ರಕ್ತ ಪರೀಕ್ಷೆ ಮಾಡಿಸಿದಾಗ ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ, ಎಂದು ಬಂದಿದೆ. ಮಾಲೀಕರು ಮಾತ್ರ ‘ಇದು ಎಲ್ಲ ಕಡೆ ಇರುವುದೇ, ನೂರಕ್ಕೆ ಎರಡೋ ಮೂರೋ’ ಎಂದು ನಗುತ್ತಾರೆ. ನಿಜವೇ? ದನ, ಎಮ್ಮೆಗಳಲ್ಲಿ ಈ ರೋಗ ಎಷ್ಟು ಸಾಮಾನ್ಯ? ಹಾಲು ತರಲು ಹೋಗುವ ನಮ್ಮ ಹುಡುಗ ಅಲ್ಲೇ ಒಂದು ಲೋಟ ಹಸಿ ಹಾಲು ಕುಡಿದು ಬರುವ ರೂಢಿಯವನು. ಊರಿನಲ್ಲಿ, ಕುಂದಾಪುರದ ಹತ್ತಿರ, ತಮ್ಮನ ಹಟ್ಟಿಯಲ್ಲಿ ಐದು ದನಗಳಿವೆ. ಅವನಿಗೂ ಇದೇ ಚಿಂತೆ.

ಉತ್ತರ: ಮೊದಲು ಆ ಹುಡುಗನ ಕೈಯಿಂದ ಲೋಟ ತೆಗೆದುಕೊಳ್ಳಿ. ಈ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಉಳಿದದ್ದನ್ನು ಆಮೇಲೆ ಮಾತನಾಡೋಣ. ನಿಮ್ಮ ಗಿರಾಕಿಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಹೋಟೆಲಿನಲ್ಲಿ ಕಾಫಿ, ಚಹಾ, ಮೊಸರು, ಪನೀರು ಎಲ್ಲದಕ್ಕೂ ಹಾಲು ಒಲೆ ಹತ್ತಿ ಉಕ್ಕಿದ ಮೇಲೆಯೇ ಮುಂದಿನ ಕೆಲಸ. ಉಕ್ಕಿದ ಹಾಲಿನಲ್ಲಿ ಈ ರೋಗದ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಡೇರಿಯವರು ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಡುತ್ತಾರಲ್ಲ, ಅಷ್ಟೇ ಅದಕ್ಕೆ ಸಾಕು. ಎಮ್ಮೆ ಈದ ದಿನಗಳಲ್ಲಿ ನಿಮಗೆ ಗಿಣ್ಣದ ಹಾಲು ಬಂದು, ಅದನ್ನು ಇಲ್ಲಿನವರು ಖರ್ವಸ್ ಎನ್ನುವ ಹಾಗೆ ಹಬೆಯಲ್ಲಿ ನಡುವಿನವರೆಗೂ ಗಟ್ಟಿಯಾಗಿ ಬೇಯಿಸಿದರೆ ಅದಕ್ಕೂ ಭಯವಿಲ್ಲ. ಕೆಚ್ಚಲಿನಿಂದ ನೇರ ಲೋಟಕ್ಕೆ ಬಿದ್ದ ಬೆಚ್ಚಗಿನ ನೊರೆಹಾಲಿನ ಮಾತೇ ಬೇರೆ. ಕೊಲ್ಹಾಪುರದ ಪೈಲ್ವಾನರು ಎಮ್ಮೆಯ ಪಕ್ಕದಲ್ಲೇ ನಿಂತು ಅದನ್ನು ಕುಡಿಯುವುದನ್ನು ನೀವೂ ನೋಡಿರಬಹುದು. ಅವರ ತೋಳು ನೋಡಿ ಆಸೆಪಡಬೇಡಿ.

ಈಗ ನಿಮ್ಮ ಮಾಲೀಕರ ಅಂಕಿಗೆ ಬರೋಣ. ಅವರು ಸುಳ್ಳು ಹೇಳಿಲ್ಲ. ಬೆಂಗಳೂರಿನ ವಿಜ್ಞಾನಿಗಳು 23 ರಾಜ್ಯಗಳ ಮೂವತ್ತು ಸಾವಿರಕ್ಕೂ ಹೆಚ್ಚು ದನ, ಎಮ್ಮೆಗಳ ರಕ್ತದ ಮಾದರಿ ನೋಡಿ 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದನಗಳಲ್ಲಿ ಶೇಕಡಾ 1.9, ಎಮ್ಮೆಗಳಲ್ಲಿ ಶೇಕಡಾ 1.8 ಎಂದು ಬಂದಿತ್ತು. 2002ರಲ್ಲಿ ಅದೇ ಬೆಂಗಳೂರಿನಿಂದ ಬಂದ ಇನ್ನೊಂದು ಲೇಖನ, ಹಲವು ವರ್ಷಗಳ ಪರೀಕ್ಷೆಗಳನ್ನು ಒಟ್ಟು ಮಾಡಿ, ದನಗಳಲ್ಲಿ ಶೇಕಡಾ 5, ಎಮ್ಮೆಗಳಲ್ಲಿ ಶೇಕಡಾ 3 ಎಂದಿತು. ಕೇಳಲು ಚಿಕ್ಕ ಅಂಕಿಗಳು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 19.25 ಕೋಟಿ ದನಗಳೂ 10.98 ಕೋಟಿ ಎಮ್ಮೆಗಳೂ ಇದ್ದವು. ಹಳೆಯ ಐದು ಮತ್ತು ಮೂರನ್ನು ಅದಕ್ಕೆ ಹಚ್ಚಿ ಒಂದು ಒರಟು ಲೆಕ್ಕ ಹಾಕಿದರೂ ತೊಂಬತ್ತಾರು ಲಕ್ಷ ದನ, ಮೂವತ್ಮೂರು ಲಕ್ಷ ಎಮ್ಮೆ ಎಂದಾಗುತ್ತದೆ. ಇದರಿಂದ ಎಮ್ಮೆ ದನಕ್ಕಿಂತ ಗಟ್ಟಿ ಎಂದು ತೀರ್ಮಾನಿಸಬೇಡಿ. ತಿರುವುಮುರುವು ಫಲಿತಾಂಶ ಬಂದ ಊರುಗಳೂ ಇವೆ. ಕಂದು ಹಾಕಿದ ಇತಿಹಾಸವಿರುವ ದೊಡ್ಡ ಫಾರ್ಮುಗಳಲ್ಲಿ ಶೇಕಡಾ 20 ದಾಟಿದ ವರದಿಗಳೂ ಇವೆ.

ನಿಮ್ಮ ಮಾಲೀಕರ ತಪ್ಪಿರುವುದು ಆ ಸರಾಸರಿಯನ್ನು ತಮ್ಮ ಕೊಟ್ಟಿಗೆಗೆ ಹಚ್ಚಿಕೊಂಡಿದ್ದರಲ್ಲಿ. ಸಾಂಬಾರಿಗೆ ಹಾಕಿದ ಉಪ್ಪಿನಂತೆ ಈ ರೋಗ ದೇಶದ ತುಂಬ ಸಮನಾಗಿ ಕರಗಿಕೊಂಡಿಲ್ಲ. ಕೈಯಾಡಿಸದೆ ಬಿಟ್ಟ ಉಪ್ಪಿಟ್ಟಿನಲ್ಲಿ ರವೆ ಗಂಟು ಕಟ್ಟುವ ಹಾಗೆ ಅಲ್ಲಲ್ಲಿ ಗಂಟು ಕಟ್ಟಿಕೊಂಡಿದೆ. ನೂರು ಕೊಟ್ಟಿಗೆಗಳಲ್ಲಿ ಬಹುಪಾಲು ಪೂರಾ ಶುದ್ಧ. ಕೆಲವೇ ಕೆಲವಲ್ಲಿ ನಾಲ್ಕಕ್ಕೆ ಒಂದು, ಮೂರಕ್ಕೆ ಒಂದು. ಎಲ್ಲವನ್ನೂ ಕೂಡಿ ಭಾಗಿಸಿದಾಗ ಎರಡೋ ಮೂರೋ ಬರುತ್ತದೆ. ಒಂದೇ ಮಳೆಗಾಲದಲ್ಲಿ ಮೂರು ಎಮ್ಮೆ ಕಂದು ಹಾಕಿ ಮೂರರ ರಕ್ತದಲ್ಲೂ ರೋಗದ ಗುರುತು ಸಿಕ್ಕಿದ ಮೇಲೆ ನಿಮ್ಮ ತಬೇಲಾ ಯಾವ ಗುಂಪಿಗೆ ಸೇರಿದ್ದೆಂದು ಬೇರೆ ಹೇಳಬೇಕಾಗಿಲ್ಲ.

ಗಂಟು ಕಟ್ಟುವುದೇಕೆ? ನಮ್ಮ ಕಡೆಯ ರೈತರು ಇದಕ್ಕಿಟ್ಟ ಹೆಸರು ಕಂದು ರೋಗ, ಎಂದರೆ ಕಂದು ಹಾಕಿಸುವ ರೋಗ. ದನ, ಎಮ್ಮೆಗಳಲ್ಲಿ ಇದನ್ನು ಹೆಚ್ಚಾಗಿ ತರುವುದು ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾ. ಗಬ್ಬದ ರಾಸಿನ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆಯಂಥ ವಸ್ತುವಿರುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ. ಅಲ್ಲಿ ಬೆಳೆದು, ಮಾಸನ್ನು ಕೊಳೆಸಿ, ಗಬ್ಬದ ಕೊನೆಯ ಮೂರನೆಯ ಒಂದು ಭಾಗದಲ್ಲಿ ಕರುವನ್ನು ಹೊರಗೆ ತಳ್ಳಿಸುತ್ತದೆ. ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310. ಎಮ್ಮೆ ಏಳನೆಯ ತಿಂಗಳು ಕಳೆದ ಮೇಲೆ ಕಂದು ಹಾಕಿ, ಸತ್ತೆ, ಅಂದರೆ ಮಾಸು, ಸರಿಯಾಗಿ ಬೀಳದಿದ್ದರೆ ನನ್ನಂಥ ಪಶುವೈದ್ಯರಿಗೆ ಮೊದಲು ನೆನಪಾಗುವುದು ಇದೇ. ಬಿದ್ದ ಕರು, ಸತ್ತೆ, ಆಮೇಲೆ ವಾರಗಟ್ಟಲೆ ಸೋರುವ ನೀರು ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿರುತ್ತದೆ. ಪಕ್ಕದ ಎಮ್ಮೆ ಅದನ್ನು ಮೂಸುತ್ತದೆ, ನೆಕ್ಕುತ್ತದೆ, ಅದು ಸಿಡಿದ ಹುಲ್ಲನ್ನು ತಿನ್ನುತ್ತದೆ. ಬಿಸಿಲು ಬಿದ್ದರೆ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ನೆರಳು, ತೇವ ಎರಡೂ ಇದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಜುಲೈ ತಿಂಗಳ ಮುಂಬೈಯಲ್ಲಿ, ಒಂದರ ಮೈಗೆ ಒಂದು ತಾಗುವಂತೆ ಎಮ್ಮೆ ಕಟ್ಟಿ, ನಡುವೆ ಗಂಜಲದ ಚರಂಡಿ ಹರಿಯುವ ತಬೇಲಾದಲ್ಲಿ ಬಿಸಿಲನ್ನು ಎಲ್ಲಿಂದ ತರುವುದು?

ಆಮೇಲೆ ನಡೆಯುವುದೇ ಮೋಸದ ಭಾಗ. ಸೋಂಕು ತಗುಲಿದ ರಾಸು ಸಾಮಾನ್ಯವಾಗಿ ಒಮ್ಮೆ ಮಾತ್ರ ಕಂದು ಹಾಕುತ್ತದೆ. ಮುಂದಿನ ಸಲ ಹೆಚ್ಚಿನವು ದಿನ ತುಂಬಿಯೇ ಈಯುತ್ತವೆ, ನೋಡಲು ಚೆನ್ನಾಗಿಯೇ ಇರುತ್ತವೆ, ಹಾಲೂ ಕೊಡುತ್ತವೆ. ಆದರೆ ಪ್ರತಿ ಸಲ ಈಯುವಾಗಲೂ ಬ್ಯಾಕ್ಟೀರಿಯಾ ಹೊರಗೆ ಚೆಲ್ಲುತ್ತದೆ, ಹಾಲಿನಲ್ಲೂ ಬರುತ್ತಿರುತ್ತದೆ. ಹೊಸದಾಗಿ ಸೋಂಕು ಹೊಕ್ಕ ಕೊಟ್ಟಿಗೆಯಲ್ಲಿ ಒಂದೆರಡು ವರ್ಷ ಸಾಲಾಗಿ ಕಂದು ಬೀಳುತ್ತವೆ. ಮೂರನೆಯ ವರ್ಷ ಎಲ್ಲ ತಣ್ಣಗಾಗುತ್ತದೆ. ಮಾಲೀಕರು ಮಂತ್ರ ಹಾಕಿಸಿದ್ದು ಫಲಿಸಿತು ಎಂದುಕೊಳ್ಳುತ್ತಾರೆ. ಆ ವರ್ಷ ಹೋಗಿ ರಕ್ತ ತೆಗೆದರೆ ಗದ್ದಲದ ವರ್ಷಕ್ಕಿಂತ ಹೆಚ್ಚು ಎಮ್ಮೆಗಳಲ್ಲಿ ಗುರುತು ಸಿಗುವುದುಂಟು. ಸೋಂಕಿನ ತಾಯಿಗೆ ಹುಟ್ಟಿದ ಕೆಲವು ಹೆಣ್ಣುಕರುಗಳು ರಕ್ತಪರೀಕ್ಷೆಗೆ ಸಿಗದೆ ದೊಡ್ಡವಾಗಿ, ಮೊದಲ ಸಲ ಈಯುವ ಹೊತ್ತಿಗೆ ಬಣ್ಣ ತೋರಿಸುತ್ತವೆ. ಕಂದು ಬಿದ್ದ ಲೆಕ್ಕದಿಂದ ರೋಗದ ಲೆಕ್ಕ ತೆಗೆಯುವುದು ಎಷ್ಟು ಕಷ್ಟವೆಂದು ಇದರಿಂದ ನೀವೇ ಊಹಿಸಬಹುದು.

ಮುಂಬೈಯ ತಬೇಲಾಗಳಲ್ಲಿ ಈ ಲೆಕ್ಕ ಇನ್ನೂ ಗೋಜಲು. ಊರೊಳಗಿನ ಎಮ್ಮೆಗಳನ್ನೆಲ್ಲ ಹೊರಗೆ ಸಾಗಿಸಬೇಕೆಂದು 1949ರಲ್ಲಿ ಆರೇ ಕಾಲೊನಿ ಕಟ್ಟಿದರು. ಊರೇ ಬೆಳೆದು ಆರೇಯನ್ನು ಸುತ್ತುವರಿದದ್ದು ಬೇರೆ ಕಥೆ. ಅಂದಿನಿಂದ ಇಂದಿನವರೆಗೆ ಇಲ್ಲಿನ ವ್ಯವಹಾರದ ಹದ ಒಂದೇ. ಹರಿಯಾಣದಿಂದ ಮುರ್ರಾ, ಗುಜರಾತಿನಿಂದ ಮೆಹ್ಸಾಣಾ, ಜಾಫರಾಬಾದಿ, ಆಗಷ್ಟೇ ಈದ ಎಮ್ಮೆಗಳು ಲಾರಿಯಲ್ಲಿ ಬರುತ್ತವೆ. ಹಾಲು ಇರುವಷ್ಟು ದಿನ ಕರೆಯುತ್ತಾರೆ. ಬತ್ತಿದ ಮೇಲೆ ಭಾಕಡ್ ಎಂಬ ಹೆಸರು ಹೊತ್ತು ಅದು ಊರು ಬಿಡುತ್ತದೆ, ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಗಬ್ಬವೇ ಕಟ್ಟಿಸದ ಕಡೆ ಕಂದು ಎಲ್ಲಿಂದ ಬೀಳಬೇಕು? ಹಾಗೆಂದು ಆ ಎಮ್ಮೆಗಳಲ್ಲಿ ಸೋಂಕಿಲ್ಲ ಎಂದಲ್ಲ, ಅದು ತಲೆಯೆತ್ತಲು ಅವಕಾಶವಿಲ್ಲ ಅಷ್ಟೇ. ಹೊಸ ಎಮ್ಮೆಯ ಬೆಲೆ ಏರಿದ ಮೇಲೆ ಹಲವು ಮಾಲೀಕರು ಒಳ್ಳೆಯ ಎಮ್ಮೆಯನ್ನು ಮಾರದೆ ಇಲ್ಲೇ ಗಬ್ಬ ಕಟ್ಟಿಸಿ ಇಟ್ಟುಕೊಳ್ಳುತ್ತಿದ್ದಾರೆ. ನಿಮ್ಮ ತಬೇಲಾದಲ್ಲೂ ಹಾಗೆಯೇ ಇರಬೇಕು, ಇಲ್ಲದಿದ್ದರೆ ಮೂರು ಗಬ್ಬದ ಎಮ್ಮೆಗಳು ಅಲ್ಲಿ ಇರುತ್ತಿರಲಿಲ್ಲ. ರೋಗ ಈ ವರ್ಷ ಬಂದದ್ದೋ, ಎಷ್ಟೋ ವರ್ಷಗಳಿಂದ ಇದ್ದು ಈ ವರ್ಷ ಕಣ್ಣಿಗೆ ಬಿದ್ದದ್ದೋ? ನನ್ನನ್ನು ಕೇಳಿದರೆ ಎರಡನೆಯದಕ್ಕೇ ನನ್ನ ಮತ.

ಇನ್ನು ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ಎಷ್ಟು ಸಾಮಾನ್ಯ’ ಎಂಬ ಪ್ರಶ್ನೆಗೆ ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಕೊಡುವುದಕ್ಕೆ ಅರ್ಧ ಕಾರಣ ಇದರಲ್ಲೇ ಇದೆ. ಮೊದಲ ಹಂತದಲ್ಲಿ ಎಲ್ಲರೂ ಮಾಡುವುದು ರೋಸ್ ಬೆಂಗಾಲ್ ಪರೀಕ್ಷೆ. ಎಮ್ಮೆಯ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ಹಳದಿ ತಿಳಿಯ ಒಂದು ಹನಿಯನ್ನು ಬಿಳಿಯ ಫಲಕದ ಮೇಲೆ ಇಡಬೇಕು. ಪಕ್ಕದಲ್ಲಿ ಅಷ್ಟೇ ಗಾತ್ರದ ಗುಲಾಬಿ ದ್ರವ. ಅದರಲ್ಲಿ ಇರುವುದು ಬಣ್ಣ ಹಿಡಿಸಿದ, ಸತ್ತ ಬ್ರುಸೆಲ್ಲಾ. ಎರಡನ್ನೂ ಕಡ್ಡಿಯಿಂದ ಕಲಸಿ ಫಲಕವನ್ನು ನಾಲ್ಕು ನಿಮಿಷ ಮೆಲ್ಲಗೆ ತೂಗಬೇಕು. ಸೋಂಕಿಲ್ಲದ ರಾಸಿನ ಹನಿ ಗುಲಾಬಿ ಶರಬತ್ತಿನಂತೆ ನುಣ್ಣಗೆ ಉಳಿಯುತ್ತದೆ. ಸೋಂಕಿದ್ದರೆ ಮೊದಲು ಅಂಚಿನಲ್ಲಿ ಮರಳಿನಂಥ ತರಿ ಏಳುತ್ತದೆ, ನೋಡುನೋಡುತ್ತ ಇಡೀ ಹನಿ ಒಡೆದ ಹಾಲಿನಂತಾಗುತ್ತದೆ. ಇಷ್ಟು ವರ್ಷ ನೋಡಿದ್ದರೂ ಆ ಒಡೆಯುವ ಕ್ಷಣಕ್ಕೆ ನಾನು ಈಗಲೂ ಉಸಿರು ಬಿಗಿ ಹಿಡಿಯುತ್ತೇನೆ.

ಹಾಲಿಗೂ ಒಂದು ಪರೀಕ್ಷೆಯಿದೆ. ಸಣ್ಣ ಕೊಳವೆಯಲ್ಲಿ ಹಾಲು ಹಾಕಿ, ನೀಲಿ ಬಣ್ಣ ಹಿಡಿಸಿದ ಸತ್ತ ಬ್ಯಾಕ್ಟೀರಿಯಾದ ಹನಿ ಸೇರಿಸಿ, ಒಂದು ಗಂಟೆ ಮೈಬಿಸಿಯಷ್ಟು ಬೆಚ್ಚಗಿಡುತ್ತಾರೆ. ಸೋಂಕಿದ್ದರೆ ಕೆನೆಯೊಂದಿಗೆ ನೀಲಿಯೂ ಮೇಲೇರಿ ಉಂಗುರ ಕಟ್ಟುತ್ತದೆ, ಕೆಳಗೆ ಬಿಳಿ ಹಾಲು ಉಳಿಯುತ್ತದೆ. ಇಡೀ ಕ್ಯಾನಿನ ಹಾಲನ್ನು ಒಮ್ಮೆಗೇ ನೋಡಲು ಇದು ಅಗ್ಗದ ದಾರಿ. ಆದರೆ ಕೆಚ್ಚಲು ಬಾವು ಇದ್ದರೆ, ಎಮ್ಮೆ ಹೊಸದಾಗಿ ಈದಿದ್ದರೆ ಅಥವಾ ಹಾಲು ಬತ್ತುವ ಹಂತದಲ್ಲಿದ್ದರೆ ಉಂಗುರ ಸುಳ್ಳು ಹೇಳುತ್ತದೆ.

ರಕ್ತದ ಪರೀಕ್ಷೆಯೂ ಸುಳ್ಳು ಹೇಳುವುದುಂಟು. ಕರುವಿದ್ದಾಗ ಹಾಕಿಸಿದ ಲಸಿಕೆಯ ಗುರುತು ಉಳಿದಿರಬಹುದು, ಇನ್ನಾವುದೋ ಬ್ಯಾಕ್ಟೀರಿಯಾ ಇದರ ವೇಷ ಹಾಕಿರಬಹುದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಾವಿರ ಎಮ್ಮೆಗಳಲ್ಲಿ ಇಪ್ಪತ್ತಕ್ಕೆ ನಿಜವಾಗಿ ಸೋಂಕಿದೆ. ಪರೀಕ್ಷೆ ಸೋಂಕಿರುವ ನೂರರಲ್ಲಿ 95ನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರರಲ್ಲಿ ಎರಡರ ಮೇಲೆ ಸುಮ್ಮನೆ ತಪ್ಪು ಹೊರಿಸುತ್ತದೆ. ಆಗ ಇಪ್ಪತ್ತರಲ್ಲಿ 19 ಸಿಕ್ಕಿಬೀಳುತ್ತವೆ, ಉಳಿದ 980ರಲ್ಲಿ ಸುಮಾರು 20 ವೃಥಾ ಸಿಕ್ಕಿಬೀಳುತ್ತವೆ. ಪಟ್ಟಿಯಲ್ಲಿ 39 ಎಮ್ಮೆ, ಅದರಲ್ಲಿ ಅರ್ಧ ನಿರಪರಾಧಿಗಳು. ಆದ್ದರಿಂದಲೇ ರೋಸ್ ಬೆಂಗಾಲ್‌ನಲ್ಲಿ ಒಡೆದ ಹನಿಯನ್ನು ಎಲೈಸಾ ಎಂಬ ಎರಡನೆಯ ಪರೀಕ್ಷೆಯಿಂದ ಗಟ್ಟಿ ಮಾಡಿಕೊಳ್ಳುತ್ತೇವೆ. ಆದರೆ ಇದು ರೋಗ ಅಪರೂಪವಾಗಿರುವ ಕಡೆಯ ಲೆಕ್ಕ. ಮೂರು ಕಂದು ಬಿದ್ದ ಕೊಟ್ಟಿಗೆಯಲ್ಲಿ ಹನಿ ಒಡೆದರೆ ಅದು ಬಹುಮಟ್ಟಿಗೆ ನಿಜವೇ. ಪರೀಕ್ಷೆ ಅದೇ, ದ್ರವ ಅದೇ. ಯಾವ ಕೊಟ್ಟಿಗೆಯಲ್ಲಿ ನಿಂತು ಮಾಡಿದಿರಿ ಎಂಬುದರ ಮೇಲೆ ಅದರ ಮಾತಿಗೆ ಬೆಲೆ. ಯಾರಾದರೂ ‘ಶೇಕಡಾ ಇಷ್ಟು’ ಎಂದು ಹೇಳಿದರೆ, ರಕ್ತ ಯಾವ ರಾಸುಗಳದ್ದು, ಕಂಡಕಂಡದ್ದನ್ನು ಆರಿಸಿದ್ದೋ ಕಂದು ಹಾಕಿದವನ್ನೇ ಆರಿಸಿದ್ದೋ, ಎಷ್ಟು ಪರೀಕ್ಷೆ ಮಾಡಿದ್ದು ಎಂದು ಕೇಳಿ. ಉತ್ತರ ಬರದಿದ್ದರೆ ಆ ಅಂಕಿಯನ್ನು ಮರೆತುಬಿಡಿ.

ಕಂದು ಬಿದ್ದದ್ದೆಲ್ಲ ಬ್ರುಸೆಲ್ಲೋಸಿಸ್ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮುಂಬೈಯ ಮಳೆನೀರಿನಲ್ಲಿ ಲೆಪ್ಟೊಸ್ಪೈರೋಸಿಸ್ ಬರುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಅದು ಎಮ್ಮೆಗಳಿಗೂ ಬರುತ್ತದೆ, ಕಂದು ಹಾಕಿಸುತ್ತದೆ. ಬೂಸ್ಟು ಹಿಡಿದ ಮೇವು, ಜಾರಿ ಬಿದ್ದ ಪೆಟ್ಟು, ವೈರಸ್ಸುಗಳು, ಪಟ್ಟಿ ಉದ್ದವಿದೆ.

ಹೊರದೇಶಗಳು ಇದನ್ನು ತೊಲಗಿಸಿದ್ದು ಹೇಗೆ ಎಂದು ಹಲವರು ಕೇಳುತ್ತಾರೆ. ಪರೀಕ್ಷಿಸಿ, ಸೋಂಕಿರುವ ರಾಸನ್ನು ಕಡಿದು, ಮಾಲೀಕನಿಗೆ ಪರಿಹಾರ ಕೊಟ್ಟು. ನಮ್ಮಲ್ಲಿ ಆ ದಾರಿ ಇಲ್ಲ. ಮಹಾರಾಷ್ಟ್ರದಲ್ಲಿ ಹಸು, ಹೋರಿ, ಎತ್ತುಗಳ ವಧೆಗೆ ನಿಷೇಧವಿದೆ. ಎಮ್ಮೆ ಆ ನಿಷೇಧದೊಳಗೆ ಬರದಿದ್ದರೂ ಲಕ್ಷ ರೂಪಾಯಿ ಬಾಳುವ ಕರೆಯುವ ಎಮ್ಮೆಯನ್ನು ಯಾರು ಸುಮ್ಮನೆ ಕಳೆದುಕೊಳ್ಳುತ್ತಾರೆ? ನಡೆಯುವುದೇನೆಂದರೆ, ಫಲಿತಾಂಶ ಕೈಗೆ ಬಂದ ವಾರದೊಳಗೆ ಎಮ್ಮೆ ಸಂತೆಯಲ್ಲಿರುತ್ತದೆ. ನಾನು ರಕ್ತ ತೆಗೆದು ಗುರುತು ಹಾಕಿದ ಎಮ್ಮೆಯನ್ನೇ ಐದು ತಿಂಗಳ ಮೇಲೆ ಬೇರೊಂದು ತಬೇಲಾದಲ್ಲಿ, ಅದೇ ಸೀಳಿದ ಎಡಗಿವಿಯೊಂದಿಗೆ, ಕಂಡಿದ್ದೇನೆ. ಹೊಸ ಮಾಲೀಕರು ಹೆಮ್ಮೆಯಿಂದ ಅದರ ಬೆನ್ನು ಸವರಿ ತೋರಿಸುತ್ತಿದ್ದರು. ಇದು ಕಾನೂನಿಗೂ ವಿರುದ್ಧ. 2009ರ ಜಾನುವಾರು ಸಾಂಕ್ರಾಮಿಕ ರೋಗಗಳ ಕಾಯಿದೆಯ ಪಟ್ಟಿಯಲ್ಲಿ ಬ್ರುಸೆಲ್ಲೋಸಿಸ್ ಇದೆ. ರೋಗ ಕಂಡರೆ ವರದಿ ಮಾಡಬೇಕು, ಆ ರಾಸನ್ನು ಬೇರೆ ಇಡಬೇಕು, ಸಂತೆಗೆ ಒಯ್ಯಬಾರದು. ನಿಮ್ಮ ಮಾಲೀಕರಿಗೆ ಇದನ್ನು ಹಾಲಿನ ಲೆಕ್ಕ ಚುಕ್ತಾ ಮಾಡುವ ದಿನ ನಯವಾಗಿ ಹೇಳಿ.

ನಾವು ಆರಿಸಿಕೊಂಡ ದಾರಿ ಲಸಿಕೆ. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಜೊತೆಗೆ ಇದಕ್ಕೂ ಉಚಿತ ಲಸಿಕೆ ಹಾಕುತ್ತಾರೆ. ಇದು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ. ಎಸ್-19 ಎಂಬ ಈ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ಬ್ಯಾಕ್ಟೀರಿಯಾ. ಗಬ್ಬದ ರಾಸಿಗೆ ಹಾಕಿದರೆ ಕಂದು ಬೀಳಬಹುದು, ಗಂಡುಕರುವಿಗೆ ಹಾಕುವುದೇ ಇಲ್ಲ, ಸೂಜಿ ತಪ್ಪಿ ವೈದ್ಯರ ಬೆರಳಿಗೆ ಚುಚ್ಚಿದರೆ ಅವರಿಗೇ ರೋಗ. ಈಗಾಗಲೇ ಸೋಂಕಿರುವ ಎಮ್ಮೆಯನ್ನು ಇದು ವಾಸಿ ಮಾಡುವುದಿಲ್ಲ. ಕರುಗಳನ್ನೇ ಸಾಕದ ತಬೇಲಾಕ್ಕೆ ಇದರಿಂದ ನೇರ ಪ್ರಯೋಜನವೂ ಇಲ್ಲ. ಆ ಎಮ್ಮೆ ಹುಟ್ಟಿ ಬೆಳೆದ ಹರಿಯಾಣದ ಮನೆಯಲ್ಲಿ ಲಸಿಕೆ ಬಿದ್ದಿರಬೇಕು.

ತಬೇಲಾದಲ್ಲಿ ಈಗಲೇ ಆಗಬೇಕಾದದ್ದು ಇಷ್ಟು. ಇರುವ ಎಲ್ಲ ಎಮ್ಮೆಗಳ ರಕ್ತ ಪರೀಕ್ಷೆಯಾಗಬೇಕು, ಮೂರರದ್ದು ಮಾತ್ರವಲ್ಲ. ಪರೇಲ್‌ನ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರ. ಪುಣೆಯ ಔಂಧ್‌ನಲ್ಲಿ ರಾಜ್ಯ ಪಶುಸಂಗೋಪನಾ ಇಲಾಖೆಯ ರೋಗ ತನಿಖಾ ವಿಭಾಗವೂ ಇದೆ. ಗಬ್ಬದ ಎಮ್ಮೆ ಈಯುವ ಮೊದಲೇ ಅದನ್ನು ಮೂಲೆಗೆ ಒಯ್ದು ಕಟ್ಟಬೇಕು. ಬಿದ್ದ ಕರು, ಸತ್ತೆಗಳನ್ನು ಚರಂಡಿಗೆ ತಳ್ಳದೆ, ನಾಯಿಗಳಿಗೆ ಬಿಡದೆ, ಸುಣ್ಣ ಸುರಿದು ಆಳವಾಗಿ ಹೂಳಬೇಕು. ಮತ್ತು ದಯವಿಟ್ಟು ಕೈಗವಸು.

ಕೈಗವಸಿನ ಮಾತು ನನಗೆ ಗೊತ್ತಿದ್ದು ಹೇಳುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ವಿರಾರ್ ಕಡೆಯ ಒಂದು ತಬೇಲಾದಲ್ಲಿ, ನಸುಕಿನ ನಾಲ್ಕೂವರೆಗೆ ‘ಸಾಬ್, ಬಚ್ಚಾ ಫೇಂಕ್ ದಿಯಾ’ (ಕಂದು ಹಾಕಿದೆ) ಎಂದು ಕರೆದೊಯ್ದರು. ಕೈಗವಸು ಹರಿದಿತ್ತು. ಬರಿಗೈಯನ್ನೇ ಭುಜದವರೆಗೆ ಹಾಕಿ ಸತ್ತೆ ಬಿಡಿಸಿದೆ, ಸೋಪಿನಲ್ಲಿ ತೊಳೆದುಕೊಂಡು ಚಹಾ ಕುಡಿದೆ. ಐದು ವಾರಗಳ ಮೇಲೆ ಸಂಜೆಯ ಜ್ವರ ಶುರುವಾಯಿತು. ರಾತ್ರಿ ಬೆವರಿ ಹಾಸಿಗೆ ಒದ್ದೆ, ಬೆಳಿಗ್ಗೆ ಏನೂ ಇಲ್ಲ. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮೊದಲು ನೋಡಿದ ವೈದ್ಯರು ಟೈಫಾಯ್ಡ್ ಎಂದರು, ಎರಡನೆಯವರು ಮಲೇರಿಯಾ ಎಂದರು. ಮೂರು ತಿಂಗಳಾದ ಮೇಲೆ ನಾನೇ ನನ್ನ ರಕ್ತದ ತಿಳಿಯನ್ನು ಫಲಕದ ಮೇಲಿಟ್ಟು ತೂಗಿದೆ. ನಾಲ್ಕು ನಿಮಿಷ ಬೇಕಾಗಲಿಲ್ಲ. ಆಮೇಲೆ ಆರು ವಾರ ಎರಡು ಬಗೆಯ ಮಾತ್ರೆ ನುಂಗಿ ಎದ್ದೆ.

1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಈ ಬ್ಯಾಕ್ಟೀರಿಯಾ ಕಂಡದ್ದೂ ಇಂಥ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲೇ. ಅದು ಅಲ್ಲಿನ ಮೇಕೆಗಳ ಹಸಿ ಹಾಲಿನಿಂದ ಬರುತ್ತಿದೆ ಎಂದು ತಿಳಿಯಲು 1905 ಆಯಿತು. ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದ್ದೇ ತಡ, ಶಿಬಿರದಲ್ಲಿ ಜ್ವರ ಇಳಿದುಹೋಯಿತು. ನಿಮ್ಮ ಹುಡುಗನಿಗೆ ಈಗ ಏನೂ ಇಲ್ಲದಿದ್ದರೆ ಗಾಬರಿ ಬೇಡ, ಹಸಿ ಹಾಲು ಕುಡಿದವರಿಗೆಲ್ಲ ಬರುವುದಿಲ್ಲ. ಮುಂದಿನ ಕೆಲವು ತಿಂಗಳಲ್ಲಿ ಬಿಟ್ಟುಬಿಟ್ಟು ಜ್ವರ, ಬೆವರು, ಕೀಲು ನೋವು, ಸೊಂಟ ನೋವು ಅಥವಾ ವೃಷಣದ ಬಾವು ಕಂಡರೆ ವೈದ್ಯರಿಗೆ ‘ಇವನು ತಬೇಲಾದ ಹಸಿ ಹಾಲು ಕುಡಿಯುತ್ತಿದ್ದ, ಅಲ್ಲಿ ಬ್ರುಸೆಲ್ಲೋಸಿಸ್ ಇತ್ತು’ ಎಂದು ನೀವೇ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳುವುದು ಕಡಿಮೆ. ತಬೇಲಾದಲ್ಲಿ ಎಮ್ಮೆ ನೋಡಿಕೊಳ್ಳುವ ಭೈಯ್ಯಾಗಳಿಗೂ ಇದೇ ಮಾತು, ಅವರಿಗೆ ಅಪಾಯ ನಿಮ್ಮ ಹುಡುಗನಿಗಿಂತ ಹೆಚ್ಚು.

ತಮ್ಮನಿಗೆ ಹೇಳಿ: ಐದು ದನಗಳ ಹಟ್ಟಿಯಲ್ಲಿ ಈವರೆಗೆ ಯಾವುದೂ ಕಂದು ಹಾಕಿಲ್ಲವಾದರೆ, ಹೊರಗಿನಿಂದ ದನ ಕೊಂಡು ತಂದಿಲ್ಲವಾದರೆ, ಅವನ ಅಂಕಿ ಸೊನ್ನೆಯಾಗಿರುವ ಸಂಭವವೇ ಹೆಚ್ಚು. ಅದನ್ನು ಹಾಗೆಯೇ ಇಟ್ಟುಕೊಳ್ಳಲಿ. ಹೆಣ್ಣುಕರು ನಾಲ್ಕು ತಿಂಗಳಾದ ಮೇಲೆ ಊರಿನ ಪಶು ಆಸ್ಪತ್ರೆಗೆ ತಿಳಿಸಿ ಲಸಿಕೆ ಹಾಕಿಸಲಿ, ಕಿವಿಯ ಓಲೆಯ ಸಂಖ್ಯೆಯೊಂದಿಗೆ ಅದು ದಾಖಲಾಗಲಿ. ಹೊಸ ದನ ತರುವುದಾದರೆ ಹಣ ಕೊಡುವ ಮೊದಲು ರಕ್ತ ಪರೀಕ್ಷೆ, ತಂದ ಮೇಲೆ ಒಂದು ತಿಂಗಳು ಬೇರೆ ಹಗ್ಗ, ಬೇರೆ ಬಾನಿ, ಮತ್ತೊಮ್ಮೆ ಪರೀಕ್ಷೆ. ಗಬ್ಬದ ದನ ತಂದರೆ ಅದು ಕರು ಹಾಕಿದ ಎರಡು ಮೂರು ವಾರಗಳ ಮೇಲೆ ಇನ್ನೊಮ್ಮೆ. ಅಲ್ಲಿಯವರೆಗೆ ಅದರ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟದಿರಲಿ, ತೋಟದ ಹಲಸಿನ ಮರಕ್ಕೆ ಕಟ್ಟುವ ಪದ್ಧತಿಯಿದ್ದರೆ ಅದನ್ನೂ ಬಿಡಲಿ. ನಿಮ್ಮ ತಬೇಲಾದ ಮಾಲೀಕರು ಒಪ್ಪಿ ಎಲ್ಲ ಎಮ್ಮೆಗಳ ಪರೀಕ್ಷೆ ಮಾಡಿಸಿದರೆ ಆ ಹಾಳೆಯ ಫೋಟೋ ಕಳಿಸಿ. ಅಲ್ಲಿನ ನೂರಕ್ಕೆ ಎಷ್ಟು ಎಂಬುದನ್ನು ಆಗ ಊಹೆಯಿಲ್ಲದೆ ಹೇಳಬಹುದು.